ಗ್ಯಾಸು ಕೆಳಗೆ, ಕಾಗದ ಮೇಲೆ

ಬೀಳಗಿಯಲ್ಲಿ ನಾನು ಊಟ ಮಾಡುವ ಖಾನಾವಳಿಯ ಕಾಕಾ ದಿನಾ ಬೆಳಿಗ್ಗೆ ಮೂರು ಪಟಗಳಿಗೆ ಊದಿನಕಡ್ಡಿ ಬೆಳಗುತ್ತಾರೆ. ಮೊದಲನೆಯದು ಬಸವಣ್ಣನದು. ಎರಡನೆಯದು ಊರ ಸಿದ್ಧೇಶ್ವರನದು. ಮೂರನೆಯದು ಗ್ಯಾಸ್ ಸರ್ಟಿಫಿಕೇಟಿನದು. ಮೊದಲಿನ ಎರಡಕ್ಕೆ ಒಂದೊಂದು ಕಡ್ಡಿ, ಮೂರನೆಯದಕ್ಕೆ ಎರಡು. "ದೇವ್ರು ಕ್ಷಮಾ ಮಾಡ್ತಾನ್ರಿ ಮಾಸ್ತರ, ಸಾಹೇಬ್ರು ಮಾಡಂಗಿಲ್ಲ" ಎನ್ನುವುದು ಕಾಕಾನ ಲೆಕ್ಕ.

ಪಟಗಳು ನೇತಾಡುವುದು ಗಲ್ಲಾದ ನೆತ್ತಿಯ ಮೇಲೆ, ನೆಲದಿಂದ ಏಳು ಅಡಿ ಎತ್ತರದಲ್ಲಿ. ಸಿಲಿಂಡರು ಕೂತಿರುವುದು ಹಿಂದಿನ ಅಡಿಗೆಮನೆಯ ನೆಲದ ಮೇಲೆ, ಶೇಂಗಾ ಎಣ್ಣೆಯ ಡಬ್ಬಿ ಮತ್ತು ಜೋಳದ ಹಿಟ್ಟಿನ ಚೀಲದ ನಡುವೆ, ಮೂಲೆಯಲ್ಲಿ ಮುಖ ತಿರುಗಿಸಿಕೊಂಡ ಸೊಸೆಯ ಹಾಗೆ. ಅಲ್ಲೇ ನೆಲದ ಮೇಲೆ ರೊಟ್ಟಿ ಬಡಿಯುವ ಅಕ್ಕ ಕೂತಿರುತ್ತಾಳೆ. ಹಂಗಾಮು ಶುರುವಾಯಿತೆಂದರೆ ಕಬ್ಬಿನ ಟ್ರ್ಯಾಕ್ಟರಿನ ಡ್ರೈವರುಗಳು ಎರಡೆರಡು ಟ್ರೇಲರು ರಸ್ತೆಗಡ್ಡ ನಿಲ್ಲಿಸಿ ಒಳಗೆ ನುಗ್ಗುತ್ತಾರೆ. ಆಗ ಅಕ್ಕನ ಕೈ ನಿಲ್ಲುವುದಿಲ್ಲ. ಹೋದ ತಿಂಗಳು ಅಂಥದೇ ಒಂದು ಮಧ್ಯಾಹ್ನ ಆಕೆ ಕೈ ನಿಲ್ಲಿಸಿ ಹೇಳಿದಳು: "ಕಾಕಾರ, ಗ್ಯಾಸಿನ ವಾಸನಿ ಬರಾಕತ್ತೈತ್ರಿ."

ಕಾಕಾ ಗಲ್ಲಾದಿಂದ ಏಳಲಿಲ್ಲ. ಕತ್ತು ಮಾತ್ರ ಎತ್ತಿ ಪಟ ನೋಡಿದರು. "ಸರ್ಟಿಫಿಕೇಟ್ ಐತೆಲ್ಲವಾ?"

"ವಾಸನಿ ಇಲ್ಲಿ ಬರಾಕತ್ತೈತ್ರಿ, ಅಲ್ಲಲ್ಲ."

"ಅದು ಊದಿನಕಡ್ಡಿ ವಾಸನಿ ಇರಬೇಕ್ ತಗಿ."

ಇಲ್ಲಿ ಒಂದು ಮಾತು ಹೇಳಬೇಕು, ಮಾಸ್ತರಿಕೆ ಬಿಟ್ಟು ಹತ್ತು ವರ್ಷವಾದರೂ ಚಟ ಹೋಗಿಲ್ಲ. ಅಡಿಗೆ ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ. ನಮ್ಮ ಮೂಗಿಗೆ ಹತ್ತುವ ಆ ಕೊಳೆತ ಎಲೆಕೋಸಿನ ನಾತ ಕಂಪನಿಯವರು ಬೇಕೆಂದೇ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಅಂದರೆ ಸಿಲಿಂಡರಿನ ಜೊತೆಗೇ, ಅರ್ಜಿ ಇಲ್ಲದೆ, ಶಿಕ್ಕಾ ಇಲ್ಲದೆ, ಚಹಾಪಾಣಿ ಖರ್ಚಿಲ್ಲದೆ ಮನೆ ಬಾಗಿಲಿಗೆ ಬಂದು ಬೀಳುವ ಒಂದೇ ಒಂದು ಪ್ರಾಮಾಣಿಕ ಸುರಕ್ಷಾ ಪತ್ರ ಈ ನಾತ. ಅದರ ಮೇಲೆ ನಮ್ಮ ಕಾಕಾ ದಿನಾ ನಾಲ್ಕು ಕಡ್ಡಿ ಮಲ್ಲಿಗೆ ಪರಿಮಳ ಬಿಡುತ್ತಾರೆ. ಕಡ್ಡಿಯ ತುದಿಯಲ್ಲಿ ಕೆಂಡ ಇರುವುದು ಬೇರೆ ಮಾತು.

ಇನ್ನೊಂದು ಗುಣ. ಪ್ರೊಪೇನು, ಬ್ಯುಟೇನು ಎರಡೂ ಗಾಳಿಗಿಂತ ಭಾರ. ಪ್ರೊಪೇನು ಒಂದೂವರೆ ಪಟ್ಟು, ಬ್ಯುಟೇನು ಎರಡು ಪಟ್ಟು. ಸೋರಿದ ಗ್ಯಾಸು ಹೊಗೆಯ ಹಾಗೆ ಮೇಲೇರುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 250 ಲೀಟರ್ ಗ್ಯಾಸು. ಕೋಣೆಯ ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಒಂದು ಕಿಡಿಗಾಗಿ ಕಾಯುತ್ತದೆ. ಕಾಕಾನ ಅಡಿಗೆಮನೆಯ ವಾಸ್ತು ನೋಡಿ: ಗಾಳಿ ಎಳೆಯುವ ಫ್ಯಾನು ತಗಡಿನ ಚಾವಣಿಗೆ ತಾಗಿದ ಹಾಗೆ ಮೇಲೆ. ಕೆಳಗೆ ಇದ್ದ ಜಾಲರಿಗೆ ಇಲಿ ಬರುತ್ತವೆಂದು ಸಿಮೆಂಟು ಮೆತ್ತಿಸಿದ್ದಾರೆ. ಮಳೆನೀರು ಬರುತ್ತದೆಂದು ಹೊಸ್ತಿಲು ಒಂದು ಗೇಣು ಏರಿಸಿದ್ದಾರೆ. ಒಟ್ಟಿನಲ್ಲಿ ಗ್ಯಾಸಿಗೆಂದೇ ಕಟ್ಟಿಸಿದ ಹೊಂಡ. ಆ ಹೊಂಡದ ತಳದಲ್ಲಿ ಇರುವುದು ಅಕ್ಕನ ಮೂಗು ಒಂದೇ. ಗಿರಾಕಿಯ ಮೂಗು ಮೇಜಿನ ಎತ್ತರದಲ್ಲಿ, ಕಾಕಾನದು ಗಲ್ಲಾದ ಎತ್ತರದಲ್ಲಿ, ಸಾಹೇಬರದು ಪಟದ ಎತ್ತರದಲ್ಲಿ.

ಆ ದಿನ ನಾನು ಎದ್ದು ಕುರ್ಚಿ ಹತ್ತಿ ಪಟ ಇಳಿಸಿದೆ. ಇಷ್ಟು ವರ್ಷ ಅದರ ಕೆಳಗೆ ಎಣ್ಣೆಗಾಯಿ ಉಂಡಿದ್ದೇನೆ, ಓದಿರಲಿಲ್ಲ. ಗಾಜಿನ ಮೇಲಿನ ವಿಭೂತಿ, ಕುಂಕುಮ ಒರೆಸಿದರೆ ಒಳಗೆ ಕಂಡದ್ದು ಒಂದು ಬಿಲ್ಲು. ಬೆಂಕಿ ಆರಿಸುವ ಕೆಂಪು ಡಬ್ಬಿಯ ಬಿಲ್ಲು. ಹಿಂದೊಮ್ಮೆ ಸಂತೆಯ ದಿನ ಬೈಕಿನ ಹಿಂದೆ ಆರು ಡಬ್ಬಿ ಕಟ್ಟಿಕೊಂಡು ಬಂದವನೊಬ್ಬ ಮಾರಿ ಹೋದದ್ದು. ಕೆಳಗೆ ನೀಲಿ ಶಿಕ್ಕಾ, ಶಿಕ್ಕಾದೊಳಗೆ ಸಿಂಹವೋ ಬೆಕ್ಕೋ ಗೊತ್ತಾಗದ ಒಂದು ಪ್ರಾಣಿ, "ಒಂದು ವರ್ಷಕ್ಕೆ ಮಾತ್ರ" ಎಂಬ ಸಾಲು. ಆ ಒಂದು ವರ್ಷ 2021ರಲ್ಲೇ ಮುಗಿದಿತ್ತು. ಡಬ್ಬಿ ಇನ್ನೂ ಇದೆ. ಅದರ ಗಡಿಯಾರದ ಮುಳ್ಳು ಹಸಿರು ಬಿಟ್ಟು ಕೆಂಪಿನ ಮೇಲೆ ನಿಂತಿದೆ. "ಕೆಂಪಂದ್ರ ಬೆಂಕಿಗೆ ತಯಾರ್ ಅಂತ ಅಲ್ಲೇನ್ರಿ?" ಎಂದರು ಕಾಕಾ. ಆಚೆ ಈಚೆ ಅಂಗಡಿಗಳಿಗೆ ತಪಾಸಣೆಯ ಸುದ್ದಿ ಬಂದಾಗ ಅದೇ ಡಬ್ಬಿ ಮದುವೆ ಪಾತ್ರೆಯ ಹಾಗೆ ಬಾಡಿಗೆಗೆ ಹೋಗಿ ಬರುತ್ತದೆಂದು ಆಮೇಲೆ ತಿಳಿಯಿತು. ಬಾಡಿಗೆ ಐವತ್ತು ರೂಪಾಯಿ. ಸಾಹೇಬರು ಒಂದೇ ದಿನ ನಾಲ್ಕು ಅಂಗಡಿಯಲ್ಲಿ ಅದೇ ಡಬ್ಬಿ ನೋಡಿ ನಾಲ್ಕು ಸಲ ತೃಪ್ತಿ ಪಟ್ಟಿದ್ದಾರೆ.

"ಹಂಗಾರ ಖರೇ ಗ್ಯಾಸ್ ಸರ್ಟಿಫಿಕೇಟ್ ಎಲ್ಲಿ ಸಿಗತೈತ್ರಿ ಮಾಸ್ತರ? ತರೂಣು ನಡ್ರಿ" ಎಂದು ಕಾಕಾ ಧೋತರ ಸರಿಮಾಡಿಕೊಂಡರು. ಹಟ ಬಂದರೆ ಕಾಕಾ ಅರ್ಧಕ್ಕೆ ಬಿಡುವವರಲ್ಲ.

ಹೊರಟೆವು. ಮೊದಲನೇ ಕಚೇರಿಯಲ್ಲಿ ಉದ್ದಿಮೆ ಪರವಾನಗಿ ಇದೆಯೇ ಕೇಳಿದರು, ಇತ್ತು. ಆಹಾರ ಸುರಕ್ಷತೆಯ ನೋಂದಣಿ ಕೇಳಿದರು, ಅದೂ ಇತ್ತು. ಗ್ಯಾಸಿನದು? "ಅದು ನಮ್ಮದಲ್ಲ, ಬೆಂಕಿಯವ್ರನ್ನ ಕೇಳ್ರಿ." ಎರಡನೇ ಕಚೇರಿಯಲ್ಲಿ ಕೇಳಿದ ಮೊದಲನೇ ಪ್ರಶ್ನೆ: "ಕಟ್ಟಡ ಎಷ್ಟ್ ಎತ್ತರ ಐತಿ?" ಕಾಕಾ ಮರ್ಯಾದೆ ಕಾಪಾಡಿಕೊಳ್ಳಲು ಎರಡು ಅಡಿ ಸೇರಿಸಿ "ಹದಿಮೂರು ಅಡಿ" ಎಂದರು. "ಅಷ್ಟಕ್ಕ ಎನ್‌ಒಸಿ ಬೇಕಾಗಿಲ್ರಿ, ಆರಾಮ ಇರ್ರಿ." ನಮ್ಮ ಕಾಯ್ದೆ ಮೇಲಕ್ಕೆ ಅಳೆಯುತ್ತದೆ, ಗ್ಯಾಸು ಕೆಳಕ್ಕೆ ಇಳಿಯುತ್ತದೆ; ಇಬ್ಬರೂ ಈವರೆಗೆ ಮುಖಾಮುಖಿ ಆದದ್ದಿಲ್ಲ. ಮೂರನೆಯದಾಗಿ ಸಿಲಿಂಡರು ಕೊಡುವಲ್ಲಿ ವಿಚಾರಿಸಿದೆವು. "ನಾವು ಗ್ಯಾಸ್ ಕೊಡ್ತೀವ್ರಿ, ಸರ್ಟಿಫಿಕೇಟ್ ಯಾಕ್ ಕೊಡೂಣು? ಪೇಸೋದವ್ರನ್ನ ಕೇಳ್ರಿ."

ಪೇಸೋ ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಬ್ರಿಟಿಷರ ಕಾಲದಲ್ಲಿ, 1898ರಲ್ಲಿ, ಸ್ಫೋಟಕಗಳ ಇಲಾಖೆಯಾಗಿ ಹುಟ್ಟಿದ್ದು. ಮುಖ್ಯ ಕಚೇರಿ ನಾಗಪುರ.

"ನಾಗಪುರಾ?" ಕಾಕಾ ನಿಂತುಬಿಟ್ಟರು. "ಸಂತ್ರಿ ಹಣ್ಣ ಕಳಸವ್ರ ಕೈಯಾಗ ಗ್ಯಾಸ್ ಯಾಕ್ ಕೊಟ್ಟಾರ್ರಿ?" ಆಮೇಲೆ ಏನೋ ಹೊಳೆದವರಂತೆ, "ಅದಕ್ಕ ನೋಡ್ರಿ, ಆ ಮನಿ ಗ್ಯಾಸಿನ ಪೈಪ್ ಸಂತ್ರಿ ಬಣ್ಣದ್ದು ಇರೂದು!"

ನಾಗಪುರಕ್ಕೆ ಹೋಗುವ ಪ್ರಮೇಯ ಬರಲಿಲ್ಲ. ಗ್ಯಾಸ್ ಸಿಲಿಂಡರ್ ನಿಯಮಗಳಲ್ಲಿ (ಈಗಿನವು 2016ರವು) ಒಂದು ರಿಯಾಯಿತಿ ಇದೆ: ಒಂದು ಸಲಕ್ಕೆ 100 ಕಿಲೋ ಮೀರದಷ್ಟು ಎಲ್‌ಪಿಜಿ ಇಟ್ಟುಕೊಳ್ಳಲು ಸಂಗ್ರಹಣೆಯ ಲೈಸೆನ್ಸು ಬೇಕಿಲ್ಲ. ವಾಣಿಜ್ಯ ಸಿಲಿಂಡರು 19 ಕಿಲೋ. ಐದು ಇಟ್ಟರೆ 95. ಆರನೆಯದು ಬಂದರೆ 114, ಆಗ ಕಾಕಾ ನಾಗಪುರದ ಒಕ್ಕಲು. ನಾನು ಇದನ್ನು ಎಚ್ಚರಿಕೆಯೆಂದು ಹೇಳಿದೆ, ಕಾಕಾ ಅದನ್ನು ಉಪಾಯವೆಂದು ಕೇಳಿಸಿಕೊಂಡರು. ಮಾರನೇ ದಿನದಿಂದ ಜಾತ್ರೆ, ಲಗ್ಗಣದ ಸೀಸನ್ನಿಗೆ ತರಿಸುವ ಆರನೇ, ಏಳನೇ ಸಿಲಿಂಡರು ಪಕ್ಕದ ಟೇಲರ್ ಅಂಗಡಿಯಲ್ಲಿ, ರವಿಕೆ ಅಳತೆ ಕೊಡಲು ಬಂದವರ ಪಾಳಿಯಲ್ಲಿ ಕೂತಿರುತ್ತವೆ. ಟೇಲರಿನ ಇಸ್ತ್ರಿ ಪೆಟ್ಟಿಗೆ ಕೆಂಡದ್ದು. ಆದರೆ ಕಾಯ್ದೆಯ ಪ್ರಕಾರ ಎರಡೂ ಅಂಗಡಿ ನೂರರ ಒಳಗೇ ಇವೆ.

ಕಾಕಾನ ಅಪ್ಪ ಇದೇ ಜಾಗದಲ್ಲಿ ಜಾಲಿ ಕಟ್ಟಿಗೆ ಉರಿಸಿ ಖಾನಾವಳಿ ನಡೆಸಿದವರು. ಆಗ ಹೊಗೆಗೆ ಕಣ್ಣು ಹೋಗುತ್ತಿದ್ದವು, ಕಾಗದ ಯಾರೂ ಕೇಳುತ್ತಿರಲಿಲ್ಲ. ಈಗಲೂ ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳಲ್ಲಿ ಕಬ್ಬಿನ ಸಿಪ್ಪೆಯೇ ಉರಿಯುತ್ತದೆ. ಅವರ ಸುಖ ನಮಗಿಲ್ಲ.

ಕೆಂಪು ನೀಲಿಯ ವಿಷಯ ಹೇಳದಿದ್ದರೆ ಊರಿನವರು ನನ್ನನ್ನು ಕಳ್ಳ ಎಂದಾರು. ಮನೆಯದು ಕೆಂಪು, 14.2 ಕಿಲೋ. ಅಂಗಡಿಯದು ನೀಲಿ, 19 ಕಿಲೋ. ಮನೆಯದಕ್ಕೆ ಜಿಎಸ್‌ಟಿ ಶೇಕಡಾ 5, ಅಂಗಡಿಯದಕ್ಕೆ 18. ಅಂಗಡಿಯಲ್ಲಿ ಕೆಂಪು ಉರಿಸಬಾರದೆಂದು 2000ನೇ ಇಸವಿಯ ಎಲ್‌ಪಿಜಿ ಸರಬರಾಜು ನಿಯಂತ್ರಣ ಆದೇಶವೇ ಹೇಳುತ್ತದೆ. ಅದರ ಹಿಂದೆ 1955ರ ಅಗತ್ಯ ವಸ್ತುಗಳ ಕಾಯ್ದೆ ನಿಂತಿದೆ. ಇಷ್ಟೆಲ್ಲ ಕಾವಲಿದ್ದರೂ ಪರಿಹಾರವನ್ನು ನಮ್ಮ ಗುಡಿಗಳು ಎಂದೋ ಕಂಡುಹಿಡಿದಿವೆ. ನೀಲಿ ಸಿಲಿಂಡರು ಉತ್ಸವಮೂರ್ತಿ, ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ಇರುತ್ತದೆ, ಖಂಡೇ ಪೂಜೆಗೆ ಹೂವಿನ ಹಾರ ಬೀಳುವುದೂ ಅದಕ್ಕೇ. ಕೆಂಪು ಮೂಲವಿಗ್ರಹ, ಗರ್ಭಗುಡಿಯ ಕತ್ತಲಲ್ಲಿ ಕೂತು ದಿನನಿತ್ಯದ ಕೆಲಸವೆಲ್ಲ ಮಾಡುತ್ತದೆ, ದರ್ಶನ ಎಲ್ಲರಿಗಿಲ್ಲ. ಅಕ್ಕನ ರೊಟ್ಟಿಯ ಒಲೆ ಉರಿಯುವುದು ಇದರ ಮೇಲೆ. ಇಲ್ಲೊಂದು ಸಣ್ಣ ತೊಡಕಿದೆ. ತೈಲ ಕಂಪನಿಗಳು ನೋಂದಾಯಿತ ಗ್ರಾಹಕರಿಗಾಗಿ ವಿಮೆ ಮಾಡಿಸಿರುತ್ತವೆ: ಅಪಘಾತದಲ್ಲಿ ಸತ್ತರೆ ತಲೆಗೆ 6 ಲಕ್ಷ, ಆಸ್ತಿ ಹಾಳಾದರೆ ನೋಂದಾಯಿತ ಜಾಗಕ್ಕೆ 2 ಲಕ್ಷದವರೆಗೆ. ಈ ಕೆಂಪು ಸಿಲಿಂಡರಿನ ನೋಂದಾಯಿತ ಜಾಗ ಕಾಕಾನ ಮನೆ, ಎರಡು ಓಣಿ ಆಚೆ. ಸಿಲಿಂಡರು ಹಾರುವುದೇ ಆದರೆ ಮೊದಲು ಎರಡು ಓಣಿ ನಡೆದು ಹೋಗಿ ಹಾರಬೇಕು.

ಅದರ ಹಿಡಿಕೆಯ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ, ಎಲ್ಲರೂ ನೋಡಿರುತ್ತೀರಿ. ಎ ಅಂದರೆ ಮಾರ್ಚ್ ಕೊನೆಯವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್, ಅಂಕಿ ಇಸವಿ. ಆ ಹೊತ್ತಿಗೆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಡ್ಡಬೇಕು. ನಮ್ಮ ಕಾಕಾ ಇಪ್ಪತ್ತು ವರ್ಷದಿಂದ ಬಿ ಅಂದರೆ ಬಾಗಲಕೋಟೆಯಲ್ಲಿ ತುಂಬಿದ್ದು, ಡಿ ಅಂದರೆ ಧಾರವಾಡದಲ್ಲಿ ತುಂಬಿದ್ದು ಎಂದು ತಿಳಿದು, "ಧಾರವಾಡದ ಗ್ಯಾಸ್ ಬಾಳಿಕಿ ಬರತೈತಿ" ಎಂದು ಡಿ ಬರೆದದ್ದನ್ನೇ ಆರಿಸಿ ಇಳಿಸಿಕೊಳ್ಳುತ್ತಿದ್ದರು.

ಹೊರದೇಶದಲ್ಲಿ ಹೇಗೆ ಎಂದು ಕೇಳುವವರು ಖಾನಾವಳಿಯಲ್ಲೂ ಇರುತ್ತಾರೆ. ಬ್ರಿಟನ್ನಿನಲ್ಲಿ ಹೋಟೆಲಿನ ಅಡಿಗೆಮನೆಗೆ ಸಿಪಿ42 ಎಂಬ ಕಾಗದ ಕೊಡುತ್ತಾರೆ. ಕೊಡುವವನ ಹೆಸರು ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಪಟ್ಟಿಯಲ್ಲಿ ಇರಲೇಬೇಕು. 2009ರ ಏಪ್ರಿಲ್ 1ರಿಂದ ಈ ಪಟ್ಟಿ, ಅದಕ್ಕೂ ಮೊದಲು ಕೋರ್ಗಿ ಎಂಬುದೊಂದಿತ್ತು. ಅವನ ಜೇಬಿನಲ್ಲಿ ಫೋಟೋ ಇರುವ ಕಾರ್ಡು, ಕಾರ್ಡಿನ ಬೆನ್ನಿಗೆ ಅವನು ಯಾವ ಯಾವ ಒಲೆ ಮುಟ್ಟಬಹುದೆಂಬ ಪಟ್ಟಿ. ಇದನ್ನು ಹೇಳಿದಾಗ ಕಾಕಾ ನಕ್ಕರು: "ನಮ್ಮ ಕಡೀನೂ ಕಾರ್ಡಿನ ಹಿಂದ ಬರದಿರ್ತೈತ್ರಿ, ಇವ ಯಾರ ಮಂದಿ ಅಂತ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ."

ಆ ದೇಶ ಹುಟ್ಟಿದಾಗಲೇ ಜಾಣ ಇತ್ತು ಅಂತಲ್ಲ. 1968ರ ಮೇ 16ರ ಬೆಳಗಿನ ಜಾವ ಲಂಡನ್ನಿನ ಪೂರ್ವಕ್ಕೆ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದಲ್ಲಿ ಹೆಣ್ಣುಮಗಳೊಬ್ಬಳು ಚಹಾ ಕಾಯಿಸಲು ಕಡ್ಡಿ ಗೀರಿದಳು. ಒಲೆಗೆ ಪೈಪು ಕೂಡಿಸುವ ಒಂದು ಹಿತ್ತಾಳೆ ನಟ್ಟು ಕಳಪೆಯದಿತ್ತು, ರಾತ್ರಿಯೆಲ್ಲ ಗ್ಯಾಸು ಸೋರಿತ್ತು. ಕಟ್ಟಡದ ಒಂದು ಮೂಲೆ ಮೇಲಿನಿಂದ ಕೆಳಗಿನವರೆಗೆ ಇಸ್ಪೀಟಿನ ಎಲೆಯ ಹಾಗೆ ಕುಸಿಯಿತು. ನಾಲ್ವರು ಸತ್ತರು, ಚಹಾ ಕಾಯಿಸಲು ಹೋದಾಕೆ ಬದುಕಿದಳು. ಕಟ್ಟಡಕ್ಕೆ ಕಾಗದ ಇದ್ದಿರಲೇಬೇಕು, ಹೊಸದಲ್ಲವೆ. ನಟ್ಟಿಗೆ ಇರಲಿಲ್ಲ.

ಅಷ್ಟು ದೂರ ಯಾಕೆ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ ಹತ್ತಿರ ಗುಡಿಯಲ್ಲಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳು ರಾತ್ರಿ ಸೋರಿದ ಸಿಲಿಂಡರಿನ ಬೆಂಕಿಗೆ ಸಿಕ್ಕರು. ಒಂಬತ್ತು ಮಂದಿ ಸುಟ್ಟುಕೊಂಡು ಆಸ್ಪತ್ರೆ ಸೇರಿದರು, ಎಂಟು ಮಂದಿ ಮನೆಗೆ ಬರಲಿಲ್ಲ. ಆ ವಾರ ನಮ್ಮ ಊರಿನಲ್ಲೂ ಎಲ್ಲರೂ ರೆಗ್ಯುಲೇಟರು ಬಂದ್ ಮಾಡಿ ಮಲಗಿದರು. ಆ ಒಂದು ವಾರ.

ಹೀಗೆ ಸಿಲಿಂಡರು ಮಾಡಿದ್ದೂ ಇದೆ, ಮಾಡದೆ ಹೊತ್ತುಕೊಂಡದ್ದೂ ಇದೆ. 2015ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಪೇಟ್ಲಾವದ್ ಎಂಬ ಊರಿನಲ್ಲಿ ಹೋಟೆಲಿನ ಬಳಿ ಸ್ಫೋಟವಾಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಮೊದಲ ಸುದ್ದಿ ಹೋಟೆಲಿನ ಸಿಲಿಂಡರಿನದು. ಆಮೇಲೆ ನೋಡಿದರೆ ಪಕ್ಕದ ಕೋಣೆಯಲ್ಲಿ ಗಣಿಗೆ ಬಳಸುವ ಜಿಲೆಟಿನ್ ಕಡ್ಡಿಗಳನ್ನು ಪೇರಿಸಿಟ್ಟಿದ್ದರು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಢಂ ಅಂದಾಗಲೂ ಮೊದಲು ಕೇಳಿಬಂದದ್ದು ಸಿಲಿಂಡರಿನ ಹೆಸರು. ಸಂಜೆಯ ಹೊತ್ತಿಗೆ ಬಾಂಬು ಅಂತಾಯಿತು. ಈ ದೇಶದಲ್ಲಿ ಎಲ್ಲಿ ಏನು ಸಿಡಿದರೂ ಮೊದಲ ಆರೋಪಿ ಸಿಲಿಂಡರು. ಪಾಪ, ಅದಕ್ಕೆ ವಕೀಲರಿಲ್ಲ, ಜಾತಿ ಸಂಘವಿಲ್ಲ, ಪರವಾಗಿ ಫೋನು ಮಾಡುವ ಶಾಸಕರಿಲ್ಲ. ಪೈಪಿಗಂತೂ ಹೆಸರೇ ಇಲ್ಲ. ಯಾವ ಪಂಚನಾಮೆಯಲ್ಲೂ ಪೈಪು ಮೊದಲ ಆರೋಪಿಯಾದದ್ದನ್ನು ನಾನು ಕಂಡಿಲ್ಲ.

ಮತ್ತೆ ಅಡಿಗೆಮನೆಗೆ ಬರೋಣ, ಅಕ್ಕನನ್ನು ಅಲ್ಲೇ ಬಿಟ್ಟು ಬಂದಿದ್ದೇವೆ.

ಕಚೇರಿ ಸುತ್ತಿ ಬಂದ ದಿನ ಸಂಜೆಗೂ ವಾಸನೆ ಇತ್ತು. ಕಾಕಾ, "ಕಡ್ಡಿ ಗೀರಿ ಪೈಪಿನ ಗುಂಟ ಹಿಡದ್ರ ಎಲ್ಲಿ ಸೋರತೈತಿ ಗೊತ್ತಾಕೈತಿ" ಎಂದು ಬೆಂಕಿಪೊಟ್ಟಣ ತೆಗೆದರು. ಅಕ್ಕ ಹಿಟ್ಟಿನ ಕೈಯಿಂದಲೇ ಅದನ್ನು ಕಸಿದು ಬಚ್ಚಲಕ್ಕೆ ಎಸೆದಳು. "ನೀವ್ ಹೊರಗ ಕುಂದರ್ರಿ ಕಾಕಾರ." ಪಾತ್ರೆ ತೊಳೆಯುವ ಸೋಪಿನ ನೀರನ್ನು ಅಂಗೈಯಲ್ಲಿ ನೊರೆ ಮಾಡಿದಳು, ರೆಗ್ಯುಲೇಟರಿಗೆ ಪೈಪು ಕೂಡುವ ಕಡೆ ಸವರಿದಳು. ಏನೂ ಆಗಲಿಲ್ಲ. ಒಂದು ಗೇಣು ಕೆಳಗೆ ಸವರಿದಳು. ಅಲ್ಲಿ ಮೊದಲು ಒಂದು ಗುಳ್ಳೆ ಎದ್ದಿತು, ಸಾಸಿವೆ ಕಾಳಿನಷ್ಟು. ಅದರ ಮಗ್ಗುಲಲ್ಲಿ ಇನ್ನೊಂದು. ನೋಡುತ್ತಿದ್ದ ಹಾಗೆ ಶೇಂಗಾ ಕಾಳಿನಷ್ಟಾಗಿ, ಒಡೆದು, ಮತ್ತೆ ಎದ್ದಿತು. ಪೈಪು ಬೋರ್‌ವೆಲ್ ಸಾಮಾನಿನ ಅಂಗಡಿಯಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ತಂದ ಹಸಿರು ಪ್ಲಾಸ್ಟಿಕ್ಕಿನದು. ಹಂಚಿನ ಕಾವಿಗೆ ಬಿರಿದು, ಇಲಿಯ ಹಲ್ಲಿಗೆ ಸಿಕ್ಕು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಸಿಕೊಂಡಿತ್ತು. ಅಕ್ಕ ರೆಗ್ಯುಲೇಟರು ತಿರುವಿ ಬಂದ್ ಮಾಡಿದಳು, ಹಿಂದಿನ ಬಾಗಿಲು ತೆರೆದಳು, ಲೈಟಿನ ಬಟನ್ನು ಮುಟ್ಟಲು ಹೋದ ನನ್ನನ್ನು ಕಣ್ಣಲ್ಲೇ ತಡೆದಳು. ಹೊಸ್ತಿಲ ಒಳಗೆ ನಿಂತ ಗ್ಯಾಸನ್ನು ಮೊರ ಬೀಸಿ ಹೊರಗೆ ಹಾಕಿದಳು, ಹೊಟ್ಟು ತೂರುವ ಹಾಗೆ. ಸುಮಾರು ಕಾಲು ಗಂಟೆ. ಸೋರಿಕೆಗೆ ಕರೆ ಮಾಡಬೇಕಾದ 1906 ನಂಬರು ನನಗೆ ನೆನಪಾದದ್ದು ಅದೆಲ್ಲ ಮುಗಿದ ಮೇಲೆ.

ಕಾಕಾ ನಿಜಕ್ಕೂ ಹೆದರಿದ್ದರು. ಮರುದಿನ ಹೋಗಿ ಐಎಸ್‌ಐ ಮುದ್ರೆಯ, ಒಳಗೆ ತಂತಿ ನೇಯ್ದ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ತಂದರು. ಆಯುಷ್ಯ 5 ವರ್ಷ ಅಂತ ಅದರ ಮೈಮೇಲೇ ಅಚ್ಚಾಗಿತ್ತು. ರೊಕ್ಕ ಕೊಟ್ಟು, ಬಿಲ್ಲು ಕೇಳಿ ಬರೆಸಿಕೊಂಡು ಬಂದರಂತೆ. ನನಗೆ ಸಮಾಧಾನವಾಯಿತು.

ಮೂರು ದಿನ ಬಿಟ್ಟು ಊಟಕ್ಕೆ ಹೋದೆ. ಗಲ್ಲಾದ ನೆತ್ತಿಯ ಮೇಲೆ ಹಳೇ ಬಿಲ್ಲಿನ ಪಟ ಇರಲಿಲ್ಲ. ಅದೇ ಚೌಕಟ್ಟಿನಲ್ಲಿ ಪೈಪಿನ ಬಿಲ್ಲು, ಲ್ಯಾಮಿನೇಶನ್ ಮಾಡಿಸಿದ್ದು, ಎರಡು ಊದಿನಕಡ್ಡಿ, ಒಂದು ಸೇವಂತಿಗೆ. ಪೈಪು ಎಲ್ಲಿ ಎಂದೆ. ಕಾಕಾ ಬಗ್ಗಿ ಗಲ್ಲಾದ ಕೆಳಗಿನಿಂದ ಪ್ಲಾಸ್ಟಿಕ್ ಚೀಲ ಎಳೆದು ತೋರಿಸಿದರು, ಸುರುಳಿ ಬಿಚ್ಚಿರಲಿಲ್ಲ.

"ಅಮಾಸಿ ಮುಗೀಲ್ರಿ ಮಾಸ್ತರ, ಸೋಮವಾರ ಹಾಕೂಣು. ಕಾಗದ ಅಂತೂ ಏರೇತಿ."

ಹಿಂದೆ ಹಂಚಿನ ಸದ್ದು ಕೇಳಿಸಿತು, ಆದರೆ ದಿನಾ ಬರುವ ಕಡೆಯಿಂದ ಅಲ್ಲ. ಇಣುಕಿ ನೋಡಿದೆ. ಅಕ್ಕ ತನ್ನ ಒಲೆ, ಹಂಚು, ಹಿಟ್ಟಿನ ಬುಟ್ಟಿ ಎಲ್ಲ ಎತ್ತಿಕೊಂಡು ಹೊಸ್ತಿಲು ದಾಟಿ ಹಿತ್ತಲಿನ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು.